ಸೀಬೆ ಎಲೆಯೂ ಸರ್ವಿಸ್ ಆದ ಇಂಜಿನ್ನೂ

ಮಂಗಳವಾರ, ಮಾರ್ಚ್ ೧೨

ತಲೆ ಚಿಟ್ಟು ಹಿಡಿದಿದೆ. ಯಾರ ಮೇಲೆ ರೇಗಬೇಕೋ ಅದೇ ತಿಳಿಯುತ್ತಿಲ್ಲ.

ಹೋದ ವಾರ ಬರೀ ಡೀಸೆಲ್ ಹಾಕಿದಾಗ ಇಂಜಿನ್ ಕಕ್ಕಿದ್ದ ಹೊಗೆ ಇವತ್ತು ಅರ್ಧಕ್ಕಿಳಿಯಿತು. ಹೊಗೆ ತಗ್ಗಲೆಂದು ಡೀಸೆಲ್ಲಿಗೆ ನಾನು ಬೆರೆಸಿದ್ದು ಸೀಬೆ ಎಲೆಯ ರಸದಲ್ಲಿ ಮಾಡಿದ ನ್ಯಾನೊ ಪುಡಿ. ಲ್ಯಾಬಿಗೆ ಪರೀಕ್ಷೆ ನೋಡಲು ಬಂದಿದ್ದ ಅತಿಥಿಗಳು ಚಪ್ಪಾಳೆ ತಟ್ಟಿದರು. ನಮ್ಮ ಪ್ರೊಫೆಸರಂತೂ ಹಿಗ್ಗಿ ಹೀರೇಕಾಯಿಯಾದರು. ಅವರೆಲ್ಲ ಹೋದ ಮೇಲೆ ಲ್ಯಾಬಿನ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ.

"ಮೇಡಂ, ದೊಡ್ಡೋರು ಬರ್ತಾರಲ್ಲ ಅಂತ ಬೆಳಿಗ್ಗೇನೇ ಇಂಜಿನ್ ಸರ್ವಿಸ್ ಮಾಡಿಬಿಟ್ಟಿದ್ದೆ. ಇಂಜೆಕ್ಟರೂ ಹೊಸದು. ಮರ್ಯಾದೆ ಉಳೀತು ನೋಡಿ!"

ಮರ್ಯಾದೆಯಂತೆ! ಪರೀಕ್ಷೆ ಮುಗಿಯುವ ತನಕ ಇಂಜಿನ್ ಮುಟ್ಟಬೇಡ ಎಂದು ಬಡಕೊಂಡಿದ್ದೆ. ಸಂಜೆ ಮತ್ತೆ ಬರೀ ಡೀಸೆಲ್ ಹಾಕಿ ಓಡಿಸಿದೆ. ಹೊಗೆ ಅಷ್ಟೇ ಕಡಿಮೆ. ಅಂದರೆ ನನ್ನ ಪುಡಿ ಕಡಿದು ಗುಡ್ಡೆ ಹಾಕಿದ್ದು ಏನೂ ಇಲ್ಲ.

ಪ್ರೊಫೆಸರಿಗೆ ಫೋನ್ ಮಾಡಿ ಹೇಳಿದರೆ, "ಹೊಗೆ ಕಡಿಮೆ ಆಯ್ತೋ ಇಲ್ವೋ? ಸುಮ್ನಿರಮ್ಮ" ಎಂದರು. ಹೇಗೆ ಸುಮ್ಮನಿರಲಿ? ಪುಡಿಯ ಪ್ರಮಾಣ ಬದಲಿಸಿ ಎಲ್ಲವನ್ನೂ ಮೊದಲಿಂದ ಮಾಡಬೇಕು.

ಮನೆಗೆ ಬಂದರೆ ಅತ್ತೆ ಹಿತ್ತಲಲ್ಲಿ, ನಾನು ಬೋಳಿಸಿದ ಸೀಬೆ ಮರದ ಕೆಳಗೆ ನಿಂತಿದ್ದರು. "ನಿನ್ ಪರೀಕ್ಷೆ ಮುಗೀತಲ್ವಾ? ಇನ್ಮೇಲಾದ್ರೂ ಪಾಪ, ಇದು ಚಿಗುರಲಿ ಬಿಡು" ಎಂದರು.

ಹೂಂ ಎಂದೆ.

ಬೆಳಿಗ್ಗೆ ಅವರು ಏಳುವ ಮೊದಲೇ ಬುಟ್ಟಿ ಹಿಡಿದು ಹೋಗಬೇಕು. ತುದಿಯ ಕೊಂಬೆಯಲ್ಲಿ ಇನ್ನೊಂದಿಷ್ಟು ಎಲೆ ಉಳಿದಿವೆ. ಏಣಿ ಮಾತ್ರ ಅವರ ಕೋಣೆಯ ಕಿಟಕಿಯ ಕೆಳಗೇ ಇದೆ.