ಯಂತ್ರ ಓಡಿದ ದಿನ ರದ್ದು

ಮೇ 6, ಬೆಳಗಿನ ಜಾವ 3.10

ಮೇಲಿನ ಮನೆಯ ಏಸಿ ಡಬ್ಬಿ ಗಡಗಡ ಎಂದಿತು. ಎಚ್ಚರ. ತಂಪು ಅವರಿಗೆ, ಬಿಸಿಗಾಳಿ ನಮ್ಮ ಕಿಟಕಿಗೆ. ಒದ್ದೆ ಟವೆಲ್ ಹಿಂಡಿ ಪುಟ್ಟಿಯ ಮೈ ಒರೆಸಿದೆ. ಹದಿನಾಲ್ಕು ತಿಂಗಳ ಕೂಸು, ಕತ್ತಿನ ತುಂಬ ಬೆವರುಸಾಲೆ. ನಮಗೆ ಏಸಿ ಬೇಡ ಎಂದವಳು ನಾನೇ. ಕಾರು ಬೇಡ, ವಿಮಾನ ಬೇಡ, ಡೈಪರ್ ಬೇಡ. ನಿನ್ನೆ ಅಮ್ಮ ಫೋನಿನಲ್ಲಿ, "ನೀನೊಬ್ಳು ಬಟ್ಟೆ ಒಗೆದ್ರೆ ಭೂಮಿ ತಣ್ಣಗಾಗತ್ತೇನೇ?"

ಗಂಡ ಸೈಟಿಗೆ ಹೋಗಿ ಹತ್ತೊಂಬತ್ತು ದಿನ. ಗಾಳಿಯಿಂದ ಇಂಗಾಲ ಹೀರಿ ಕಲ್ಲು ಮಾಡುವ ಯಂತ್ರ, ಇವನೇ ಎಂಜಿನಿಯರ್. ಟ್ರಯಲ್ ಮುಗಿಯುವ ತನಕ ಸೈಟ್ ಬಿಡುವಂತಿಲ್ಲ. ಮೊಬೈಲು ಗೇಟಿನಲ್ಲಿ ಕೊಡಬೇಕು. ಪಾಳಿ ಮುಗಿದ ಮೇಲೆ ವಾಪಸ್ಸು... ಮುಗಿದರೆ.

ಮೇ 7

ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ. ಬೆಳಕಿಗೆ ಹಿಡಿದು ನೋಡಿದೆ. ಎರಡೇ.

ಮೇ 8, ರಾತ್ರಿ

ಬೀರುವಿನಿಂದ ನಮ್ಮ ಷರತ್ತಿನ ಕಾಗದ ತೆಗೆದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾವು ಎದುರಾಳಿಗಳು. ಬಿಸಿಯೇರುತ್ತಿರುವ ಭೂಮಿಯನ್ನು ಯಂತ್ರ ಉಳಿಸುತ್ತದೆಂದು ಅವನು, ನಾವು ಬದುಕುವ ರೀತಿ ಬದಲಾಗದೆ ಏನೂ ಉಳಿಯದೆಂದು ನಾನು. ಕಪ್ ನನಗೆ. ಮದುವೆಗೆ ಮುಂಚೆ ಷರತ್ತು ಬರೆದವಳೂ ನಾನೇ. ಕೊನೆಯದು— ಒಂದೇ ಮಗು. ಅದರ ಕೆಳಗೆ ಅವನ ಕಾಗೆಕಾಲು ಗುಬ್ಬಿಕಾಲು ಅಕ್ಷರ: "ನನ್ನ ಯಂತ್ರ ಓಡಿದ ದಿನ ಇದು ರದ್ದು." ನಕ್ಕು ಸಹಿ ಹಾಕಿದ್ದೆ. ಸೋತವನ ಆಸೆ, ಇರಲಿ ಎಂದು.

ಮೇ 11

ಫೋನ್ ಬಂತು. ಪುಟ್ಟಿಯ ಹೊಸ ಹಲ್ಲು, ಸೆಕೆ, ನೀರು— ಎಲ್ಲ ವಿಚಾರಿಸಿದ. ನಾನು ಯಂತ್ರದ ಸುದ್ದಿ ಕೇಳಿದೆ.

"ಏನ್ ಜಡ್ಜಮ್ಮ, ಪಾರ್ಟಿ ಬದಲಾಯಿಸಿದ್ಯಾ?"

"ಸುಮ್ನೆ ಕೇಳ್ದೆ. ಓಡತ್ತಾ?"

"ಓಡ್ಲೇಬೇಕು ಕಣೇ. ಹದಿನಾಲ್ಕಕ್ಕೆ ಫುಲ್ ಲೋಡ್ ಟ್ರಯಲ್."

ಹೇಳಬೇಕೆಂದು ಬಾಯಿ ತೆರೆದೆ. ಯಾರೋ ಅವನನ್ನು ಕೂಗಿದರು. ಹೋದ. ಇಷ್ಟು ವರ್ಷ ಆಡಿಕೊಂಡ ಯಂತ್ರ ಓಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆ. ನಾಚಿಕೆ.

ಮೇ 12

ಡಾಕ್ಟರಮ್ಮ ಏಳು ವಾರ ಎಂದರು. ಈ ಮಗು ಬೇಡ ಎಂದೆ. ಕಾರಣ ಕೇಳಿದರು. ಬಿಸಿಲು ಎಂದೆ. ಪೆನ್ನು ಕೆಳಗಿಟ್ಟು ನೋಡಿದರು. ಮನೆಯಲ್ಲಿ ಮಾತಾಡಿದ್ದೀರಾ ಎಂದಾಗ ಹೂಂ ಎಂದೆ. ಸುಳ್ಳು. ಹದಿನಾರಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಂತೆ, ಮಾತ್ರೆ ಅವರೆದುರೇ ನುಂಗಬೇಕು.

ಮೇ 15, ಸಂಜೆ

ನಿನ್ನೆ ಪೂರ್ತಿ ಸುದ್ದಿಯಿಲ್ಲ. ಈಗ ಮೆಸೇಜು: "ಆರು ಗಂಟೆ ಓಡಿ ನಿಂತ್ಹೋಯ್ತು. ದೊಡ್ಡ ಫ್ಯಾನ್ ಸುಟ್ಟಿದೆ. ನೀನೇ ಗೆದ್ದೆ ಬಿಡು."

ತಕ್ಷಣ ಫೋನ್ ಮಾಡಿದೆ. ಅಷ್ಟರಲ್ಲಿ ಸ್ವಿಚ್ ಆಫ್. ರಿಪೇರಿಗೆ ಒಳಗೆ ಹೋಗಿದ್ದಾನೆ. ಸೈಟ್ ಆಫೀಸಿನ ಗುಮಾಸ್ತ, ಅರ್ಜೆಂಟಾ ಮೇಡಂ ಎಂದು ಕೇಳಿದ. ಅಲ್ಲ ಎಂದುಬಿಟ್ಟೆ. ಯಾಕೆ ಹಾಗೆಂದೆ?

ಮೇ 16, 2.40

ಮತ್ತೆ ಆಫೀಸಿಗೆ ಮಾಡಿದೆ. ಅರ್ಜೆಂಟ್ ಎಂದೆ. ರಾತ್ರಿ ಪಾಳಿಯವನು ಚೀಟಿ ಬರೆದುಕೊಂಡ. ಒಳಗೆ ಕಳಿಸುತ್ತಾನಂತೆ. ಅರ್ಧ ಗಂಟೆಯಾಯಿತು.

ಪುಟ್ಟಿ ನನ್ನ ಹೊಟ್ಟೆಗೆ ಕಾಲು ಒತ್ತಿ ಮಲಗಿದ್ದಾಳೆ. ಸರಿಸಲು ಮನಸ್ಸಿಲ್ಲ.

ನಾನು ಗೆಲ್ಲಲಿಲ್ಲ ಕಣೋ. ಷರತ್ತು ಬರೆದವಳು ನಾನು, ಮುರಿಯಲು ನನ್ನೊಬ್ಬಳ ಕೈಲಾಗುತ್ತಿಲ್ಲ. ವಾದ ಮಾಡು. ಆರು ಗಂಟೆ ಓಡಿದ್ದೂ ಓಡಿದ್ದೇ ಅನ್ನು. ಈ ಸಲ ಸೋಲುತ್ತೇನೆ, ಅಡ್ಡಮಾತು ಆಡುವುದಿಲ್ಲ. ಆ ಚೀಟಿ ನಿನ್ನ ಕೈಸೇರಲಿ. ಬೆಳಗಾಗುವುದರೊಳಗೆ ಫೋನ್ ಮಾಡು. ಮೊದಲ ರಿಂಗಿಗೇ ಎತ್ತುತ್ತೇನೆ. ನಿನಗೆ ಏನೂ ತೋಚದಿದ್ದರೂ ಪರವಾಗಿಲ್ಲ, ಮಾಡು, ನಾನೇ ಹೇಳ—