‘ಒಟ್ಟಾರೆ’ ಪದಕ್ಕೆ ಉದಾಹರಣೆ

ಮಾರ್ಚ್ ೧೧, ಮಂಗಳವಾರ

‘ಒಟ್ಟಾರೆ ನಾವೆಲ್ಲ ಸೇರ್ಕೊಂಡೇ ಅಮ್ಮನ್ನ ನೋಡ್ಕೊಂಡ್ವಿ’ ಎಂದು ಅಣ್ಣ ಭಾನುವಾರ ಅಮ್ಮನ ತಿಥಿಗೆ ಬಂದ ನೆಂಟರೆದುರು ಹೇಳಿದ. ಹಾಸಿಗೆ ಹಿಡಿದವಳನ್ನು ಹನ್ನೊಂದು ತಿಂಗಳು ನೋಡಿಕೊಂಡವಳು ನಾನು; ಅವನು ಬಂದದ್ದು ಎರಡು ಸಲ.

ಇಂದು ನಿಘಂಟು ಕಚೇರಿಯಲ್ಲಿ ನನ್ನ ಪಾಲಿಗೆ ಅದೇ ‘ಒಟ್ಟಾರೆ’ ಪದ ಬಂತು. ಸಮಾನಾರ್ಥಕಗಳು: ಒಟ್ಟಿನಲ್ಲಿ, ಸಾಮಾನ್ಯವಾಗಿ, ಸ್ಥೂಲವಾಗಿ. ಬಳಕೆ: ವಿವರ ಗೊತ್ತಿಲ್ಲದಾಗ, ಅಥವಾ ಬೇಡವಾದಾಗ. ಉದಾಹರಣೆಯಾಗಿ ಅಣ್ಣನ ಮಾತನ್ನೇ ಬರೆದು, ‘ಎಂದ, ಎರಡು ಸಲ ಬಂದುಹೋದ ಮಗ’ ಎಂದು ಸೇರಿಸಿದೆ.

ಸಂಪಾದಕರು ಓದಿ ನಕ್ಕರು. ‘ಯಾರಮ್ಮ ಈ ಮಹಾನುಭಾವ?’

‘ಸಾಮಾನ್ಯವಾಗಿ ಎಲ್ಲರ ಮನೇಲೂ ಒಬ್ಬ ಇರ್ತಾನೆ ಸಾರ್.’

ಅಚ್ಚಿಗೆ ಹೋಯಿತು. ನಾಳೆ ಅವನ ಮಕ್ಕಳೇ ಓದಲಿ. ಆದರೂ ಕೇಳಬೇಕಾದ್ದು ಒಂದು ಉಳಿದಿದೆ. ಅಣ್ಣಾ, ಕೊನೆಯ ವಾರ ಅಮ್ಮನಿಗೆ ಯಾವ ಮಗ್ಗುಲಿಗೆ ಮಲಗಿದರೆ ನೋವಾಗುತ್ತಿತ್ತು, ಹೇಳು?