ಮೊದಲು ಕಡಿಯುವ ಮನೆ

ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ಕರೆಂಟ್ ಸಾಹೇಬರಿಗೆ,

ಬೀದಿಯವರು ಇಟ್ಟ ಈ ಹೆಸರೇ ಸಾಕು. ಹದಿಮೂರು ವರ್ಷ ‘ರೀ’ ಎಂದು ಕರೆದ ಬಾಯಿಗೆ ಈಗ ಅದು ಬರುತ್ತಿಲ್ಲ. ಮನೆಗೆ ಬಾ ಎಂದು ನೀವು ಬರೆದ ಕಾಗದವನ್ನು ಮೂರು ಸಲ ಓದಿದೆ, ಮೂರು ಸಲವೂ ಮೈ ಉರಿಯಿತು. ಅಕ್ಕನ ಮನೆಯಲ್ಲಿ ಹೊಲಿಗೆ ಯಂತ್ರಕ್ಕೂ ಹಳೆಯ ಪೆಟ್ಟಿಗೆಗಳಿಗೂ ನಡುವೆ ಮಲಗುತ್ತಿದ್ದೇನೆ. ಆ ಮನೆಗಿಂತ ಇದೇ ವಾಸಿ.

ಅವತ್ತು ಮೋಡ ಕವಿದಿತ್ತು, ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂದು ಬರೆದಿದ್ದೀರಿ. ಚೆನ್ನಾಗಿದೆ. ಊರಿನ ಲೈನನ್ನು ಬೇಕೆಂದೇ ಕಡಿದದ್ದು ಮೋಡವಲ್ಲ, ನೀವು. ಹನ್ನೊಂದು ಜನ ಅಧಿಕಾರಿಗಳಿಗೆ ನಮ್ಮ ಬಡಾವಣೆ ಸ್ವಂತ ಸೋಲಾರ್ ಕರೆಂಟಿನಲ್ಲೇ ನಡೆಯುತ್ತದೆಂದು ತೋರಿಸಬೇಕಿತ್ತು. ನಾನು ಎರಡು ವರ್ಷ ಬೆರಳು ಸುಟ್ಟುಕೊಂಡು ಮಾಡಿದ ಇನ್ವರ್ಟರುಗಳು ರೆಪ್ಪೆ ಬಡಿಯುವುದರೊಳಗೆ ಇಡೀ ಭಾರ ಹೊತ್ತವು. ಆಸ್ಪತ್ರೆಯ ಒಂದು ದೀಪವೂ ಮಿಣುಕಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.

ಬಿಸಿಲಿಲ್ಲದೆ ಬಡಾವಣೆಯ ಬ್ಯಾಟರಿಗಳ ಚಾರ್ಜ್ ಇಳಿದಾಗ ಯಾವ ಮನೆಯನ್ನು ಮೊದಲು ಕಡಿಯಬೇಕೆಂಬ ಪಟ್ಟಿ ನಿಮ್ಮದು. ಅದರ ಮೊದಲ ಸಾಲಿನಲ್ಲೇ ನಮ್ಮ ಮನೆ. ತನ್ನವರಿಗೆ ಮಾತ್ರ ಮಾಡಿಕೊಂಡ ಅಂತ ಯಾರೂ ಅನ್ನಬಾರದು ಅಂದಿದ್ದಿರಿ. ಕಂಟ್ರೋಲ್ ರೂಮಿನ ಪರದೆಯ ಮೇಲೆ ನಮ್ಮ ಮನೆಯ ಚೌಕ ಕಪ್ಪಾದಾಗ, ನೋಡಿ, ಮೊದಲು ಕತ್ತಲಾಗೋದು ನಮ್ಮನೆನೇ ಅಂತ ಬೆರಳು ತೋರಿಸಿದಿರಿ. ಎಲ್ಲರೂ ನಕ್ಕರು. ಇನ್ನೊಂದು ಸಲ ತೋರಿಸಿ ಅಂದರು. ತೋರಿಸಿದಿರಿ.

ಅಲ್ಲಿ ಮನೆಯ ಒಳಕೋಣೆಯಲ್ಲಿ ನನ್ನಮ್ಮನ ಆಮ್ಲಜನಕದ ಯಂತ್ರ ನಿಂತಿತ್ತು. ಐವತ್ತು ನಿಮಿಷ. ಅವಳಿಗೆ ಕಿವಿ ಮಂದ, ಯಂತ್ರ ಕೂಗಿಕೊಂಡದ್ದು ಕೇಳಿಸಿತೋ ಇಲ್ಲವೋ. ನಾವು ಹೋದಾಗ ಕನ್ನಡಕ ಮಡಿಲಲ್ಲಿ ಬಿದ್ದಿತ್ತು, ಉಸಿರು ನಿಂತಿತ್ತು. ನಮ್ಮಳಿಯ ಇರೋವರೆಗೂ ನನಗೆ ಕತ್ತಲೆ ಅಂದ್ರೆ ಭಯವಿಲ್ಲ ಅಂತ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದವಳು ಅವಳು. ನಿಮ್ಮ ಒಳ್ಳೆಯತನಕ್ಕೆ ನನ್ನಮ್ಮನೇ ಬೇಕಿತ್ತೇ?

ನಾನು ಬರುವುದಿಲ್ಲ. ನನ್ನ ಮೀಟರು, ಸೋಲ್ಡರಿಂಗ್ ಸಾಮಾನುಗಳನ್ನು ಒಂದು ಪೆಟ್ಟಿಗೆಗೆ ತುಂಬಿಡಿ. ಭಾವ ಬಂದು ತೆಗೆದುಕೊಳ್ಳುತ್ತಾರೆ. ಇನ್ನು ಕಾಗದ ಬರೆಯಬೇಡಿ.

ಇಷ್ಟು ವರ್ಷ ನಿಮ್ಮ ಜೊತೆ ಕೆಲಸ ಮಾಡಿದವಳು

ತಾ.ಕ.: ಪೆಟ್ಟಿಗೆಗೆ ಆ ಚಿಕ್ಕ ಬ್ಯಾಟರಿಯನ್ನು ಮಾತ್ರ ಹಾಕಬೇಡಿ. ನಮ್ಮ ಮನೆಯನ್ನು ಪಟ್ಟಿಯಲ್ಲಿ ಮೊದಲಿಗೆ ಬರೆದ ದಿನವೇ ನೀವು ಅದನ್ನು ಅಮ್ಮನ ಯಂತ್ರಕ್ಕೆ ಜೋಡಿಸಿದ್ದಿರಿ. ಕರೆಂಟ್ ಹೋದರೂ ಮೂರು ಗಂಟೆ ನಡೆಯುತ್ತಿತ್ತು. ಅಧಿಕಾರಿಗಳು ಬರುವ ಹಿಂದಿನ ದಿನ ಅದನ್ನು ಬಿಚ್ಚಿ ವರ್ಕ್‌ಶಾಪಿಗೆ ಒಯ್ದವಳು ನಾನು. ಒಂದು ಬೋರ್ಡ್ ಪರೀಕ್ಷಿಸಬೇಕಿತ್ತು, ಸಂಜೆ ಹಾಕಿದರಾಯಿತು ಅಂದುಕೊಂಡೆ, ಮರೆತೆ. ವಿಚಾರಣೆಗೆ ಬಂದವರ ಮುಂದೆ ನೀವು, ನಾನೇ ಬಿಚ್ಚಿದ್ದು ಅಂದಿರಿ. ನನ್ನ ಬೆಂಚಿನ ಮೇಲೆ ಅದನ್ನು ಕಣ್ಣಾರೆ ನೋಡಿಯೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಬೈದಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆ.